ಸಾಕ್ಷಿ ಹೇಳುವ ಮುಂಚೆ ಮ್ಯಾಚ್ ಪೂರ್ತಿ ನೋಡಿ

ಕುಳಿತುಕೊಳ್ಳಿ. ಧರ್ಮೋಪದೇಶಕಾಂಡ 8ನೇ ಅಧ್ಯಾಯ ತೆಗೆಯಿರಿ. ಮೊಬೈಲಲ್ಲಿ ತೆಗೆದರೂ ಸರಿ, ಇನ್‌ಸ್ಟಾಗ್ರಾಮ್ ಮಾತ್ರ ತೆಗೀಬೇಡಿ.

ಈ ವಾರ ಒಂದು ಹಳೇ ಮ್ಯಾಚ್ ಮತ್ತೆ ನೋಡಿದೆ. ಕ್ರಿಕೆಟ್ ಅಲ್ಲ, ಆಸ್ಟ್ರೇಲಿಯಾದ ರಗ್ಬಿ ಲೀಗ್. 2015ರ ಅಕ್ಟೋಬರ್ 4, ಸಿಡ್ನಿಯಲ್ಲಿ ಫೈನಲ್. ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 17, ಬ್ರಿಸ್ಬೇನ್ ಬ್ರಾಂಕೋಸ್ 16. ಒಂದೇ ಪಾಯಿಂಟ್! ಕೌಬಾಯ್ಸ್‌ಗೆ ಅದು ಮೊದಲನೇ ಕಪ್. ನನಗೆ ನೆನಪಿದ್ದದ್ದು ಕೊನೆಯಲ್ಲಿ ಜೊನಾಥನ್ ಥರ್ಸ್ಟನ್ ಒದ್ದ ಆ ಒಂದು ಗೋಲ್ ಮಾತ್ರ. ಹೀರೋ ಅವನೊಬ್ಬನೇ ಅಂದ್ಕೊಂಡಿದ್ದೆ.

ಪೂರ್ತಿ ನೋಡಿದಾಗ ಬೇರೆಯೇ ಕಾಣಿಸ್ತು. ಸಮಯ ಮುಗೀತಾ ಇದೆ, ಕೌಬಾಯ್ಸ್ 12, ಬ್ರಾಂಕೋಸ್ 16. ಮೈಕಲ್ ಮಾರ್ಗನ್‌ನನ್ನು ಎದುರಾಳಿಗಳು ಹಿಡಿದಿದ್ದಾರೆ. ಆದರೂ ಅವನು ಬಾಲ್ ದಾಟಿಸಿದ. ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಮಾಡಿದ. 16–16. ಆಮೇಲೆ ಥರ್ಸ್ಟನ್ ಒದ್ದ ಕಿಕ್ ಒಳಗೆ ಹೋಗಿದ್ರೆ ಅಲ್ಲೇ ಗೆಲುವು. ಆದರೆ ಅದು ಕಂಬಕ್ಕೆ ಬಡಿದು ಹೊರಗೆ ಹೋಯ್ತು! ಆಗಿನ ನಿಯಮದ ಪ್ರಕಾರ ಹೆಚ್ಚುವರಿ ಸಮಯದಲ್ಲಿ ಮೊದಲು ಪಾಯಿಂಟ್ ತೆಗೆದವರೇ ವಿಜೇತರಾಗ್ತಿದ್ರು. ಶುರುವಿನಲ್ಲೇ ಬ್ರಾಂಕೋಸ್‌ನ ಬೆನ್ ಹಂಟ್ ಕೈಯಿಂದ ಬಾಲ್ ಜಾರಿತು. ಆ ಅವಕಾಶದಿಂದಲೇ ಬಂತು ಆ ಗೋಲ್.

ಥರ್ಸ್ಟನ್ ದೊಡ್ಡ ಆಟಗಾರ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಗೆಲುವಿನೊಳಗೆ ಅವನ ಸ್ವಂತ ತಪ್ಪಿದ ಕಿಕ್ ಇದೆ, ಬೇರೆಯವರ ಕೈ ಇದೆ, ಸೋತವನೊಬ್ಬನ ಕಣ್ಣೀರೂ ಇದೆ.

ಮೋಶೆ ಇಲ್ಲಿ ಜನರಿಗೆ ಏನು ಹೇಳ್ತಾನೆ? ನಡೆದು ಬಂದ ದಾರಿಯನ್ನೆಲ್ಲಾ ನೆನಪು ಮಾಡಿಕೊಳ್ಳಿ, ನನ್ನ ಕೈಯ ಬಲದಿಂದಲೇ ಆಯ್ತು ಅಂತ ಮನಸ್ಸಲ್ಲೂ ಅಂದುಕೊಳ್ಳಬೇಡಿ ಅಂತಾನೆ. ದಾರಿಯನ್ನೆಲ್ಲಾ! ಹೈಲೈಟ್ಸ್ ಮಾತ್ರ ಅಲ್ಲ.

ನನ್ನ ಮೊದಲ ಕೆಲಸದ ಸಾಕ್ಷಿ ನಿಮಗೆ ಗೊತ್ತು. ಉಪವಾಸ ಮಾಡಿದೆ, ಪ್ರಾರ್ಥಿಸಿದೆ, ಕೆಲಸ ಸಿಕ್ತು. ಹಲ್ಲೆಲೂಯಾ! ಆದರೆ ಒಂದು ಹೇಳಿರಲಿಲ್ಲ. ಆ ಕೆಲಸ ಖಾಲಿ ಇದೆ ಅಂತ ತಿಳಿಸಿದ್ದು ನನ್ನ ಪಿಜಿ ರೂಮ್‌ಮೇಟ್. ಅವನೂ ಅದೇ ಇಂಟರ್‌ವ್ಯೂಗೆ ಬಂದಿದ್ದ. ನನಗೆ ಸಿಕ್ತು, ಅವನಿಗೆ ಸಿಗಲಿಲ್ಲ, ಊರಿಗೆ ವಾಪಸ್ ಹೋದ. ಎಷ್ಟೋ ವರ್ಷ ಸಾಕ್ಷಿ ಹೇಳಿದೆ, ಒಂದು ಸಲವೂ ಅವನಿಗೆ ಫೋನ್ ಮಾಡಲಿಲ್ಲ. ಗುರುವಾರ ಮಾಡಿದೆ. ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಅವನು ಮಾತೇ ಆಡಲಿಲ್ಲ. ಆಮೇಲೆ, "ಊಟ ಆಯ್ತೇನೋ?" ಅಂದ.

ಪ್ರಿಯರೇ, ನಿಮಗೆ ಪ್ರಮೋಷನ್ ಸಿಕ್ಕಾಗ, ಲೇಆಫ್‌ನಲ್ಲಿ ನಿಮ್ಮ ಹೆಸರು ಉಳಿದಾಗ ಸ್ತೋತ್ರ ಹೇಳಿ. ಆದರೆ ಪಕ್ಕದವನ ಕೈಯಿಂದ ಬಾಲ್ ಬೀಳಿಸಿದ್ದು ದೇವರೇ ಅಂತ ಮಾತ್ರ ಹೇಳಬೇಡಿ. ಅವನನ್ನೂ ಕರ್ತನು ಪ್ರೀತಿಸ್ತಾನೆ.

ಕಣ್ಣು ಮುಚ್ಚೋಣ. ನಿಮ್ಮ ಗೆಲುವನ್ನು ಮತ್ತೊಮ್ಮೆ ನೋಡಿ. ಅಲ್ಲಿ ಯಾರ ಮುಖ ಕಾಣಿಸುತ್ತೋ, ಮೊದಲು ಅವರಿಗಾಗಿ ಪ್ರಾರ್ಥಿಸಿ. ಇವತ್ತೇ ಫೋನ್ ಮಾಡಿ. ಆಮೆನ್.