ಅಜ್ಜಿ ಯಾವ ಹಾಳೆಗೆ?

“ಅಜ್ಜೀನ ಯಾವ ಹಾಳೇಲಿ ಬರೀಲಿ?”

ಮಗಳ ಮುಂದೆ ಮೂರು ಹಾಳೆಗಳಿದ್ದವು. ನಾನು, ನನ್ನ ಮನೆ, ನನ್ನ ಶಾಲೆ. ಕಿಂಡರ್‌ಗಾರ್ಟನ್ನಿನ ಸಮಾಜ ಪಾಠಕ್ಕೆಂದು ಟೀಚರ್ ಕೊಟ್ಟು ಕಳಿಸಿದ್ದು. ಮನೆಯ ಹಾಳೆಯಲ್ಲಿ ಆ ಮನೆಯಲ್ಲಿರುವವರನ್ನೆಲ್ಲ ಬರೆಯಬೇಕು. ನಮ್ಮ ಮೂವರನ್ನು ಬರೆದು ಮುಗಿಸಿದ ಮೇಲೆ ಅವಳಿಗೆ ಅಜ್ಜಿಯ ಯೋಚನೆ ಬಂತು. ಅಜ್ಜಿ ಈ ಮನೆಯಲ್ಲಿಲ್ಲ. ಶಾಲೆಯಲ್ಲಂತೂ ಇಲ್ಲ. ನಾಲ್ಕನೆಯ ಹಾಳೆ ಕೊಟ್ಟಿಲ್ಲ. ಹಿಂಬದಿ ಖಾಲಿ ಇದೆಯಲ್ಲ, ಅಲ್ಲಿ ಬರಿ ಎಂದರು ಅವಳಪ್ಪ. “ಹಿಂದುಗಡೆ ಬರೆದ್ರೆ ಯಾರೂ ನೋಡಲ್ಲ” ಎಂದಳು.

ನಮ್ಮೂರು ಮಧುಗಿರಿಗೆ ವಿಡಿಯೊ ಕಾಲ್ ಮಾಡಿದೆವು. “ಅಜ್ಜಿ, ನಿಮ್ಮನೇಲಿ ಎಷ್ಟು ಜನ ಇದೀರ?” ಎಂದು ಕೇಳಿದಳು. ನನ್ನಮ್ಮ ಬೆರಳು ಮಡಿಸುತ್ತಾ ಹೇಳಿದಳು: “ನಾನು, ನಿಮ್ಮ ತಾತ, ನಿಮ್ಮ ಮಾವ, ಅತ್ತೆ, ಅವರ ಹುಡುಗ್ರು ಇಬ್ರು, ನೀನು, ನಿಮ್ಮಮ್ಮ, ನಿಮ್ಮಪ್ಪ. ಒಂಬತ್ತು ಜನ ಕಣವ್ವಾ.”

“ನಾವು ಅಲ್ಲಿ ಇಲ್ವಲ್ಲ ಅಜ್ಜಿ?”

“ಇಲ್ದಿದ್ರೆ ಏನಾಯ್ತು? ರೇಷನ್ ಕಾರ್ಡ್‌ನಾಗೆ ಇಲ್ದಿರಬೌದು. ಮನೇರು ಮನೇರೇ.” ಇಷ್ಟು ಹೇಳಿ, ಡೇರಿಗೆ ಹಾಲು ಹಾಕಲು ಹೊತ್ತಾಯಿತೆಂದು ಎದ್ದು ಹೋದಳು.

ಟೆಕ್ಸಸ್ ರಾಜ್ಯದ ಪಠ್ಯಕ್ರಮ ಕಿಂಡರ್‌ಗಾರ್ಟನ್ನಿನ ಸಮಾಜ ಪಾಠಕ್ಕೆ ಗೊತ್ತುಮಾಡಿರುವುದು ಇದನ್ನೇ: ತಾನು, ಮನೆ, ಕುಟುಂಬ, ತರಗತಿ. ನ್ಯೂಯಾರ್ಕಿನಲ್ಲಿ ಅದೇ ವರ್ಷದ ಪಾಠ ತಾನು ಮತ್ತು ಇತರರು. ಮಗು ಮೊದಲು ತನ್ನನ್ನು ಅರಿಯಲಿ, ಆಮೇಲೆ ಮನೆಯನ್ನು, ಆಮೇಲೆ ಶಾಲೆ, ಬೀದಿ, ಊರು, ರಾಜ್ಯ, ದೇಶ ಎಂಬ ಕ್ರಮ ಅದು. ಸ್ಟ್ಯಾನ್‌ಫರ್ಡಿನ ಪಾಲ್ ಹನ್ನಾ ಎಂಬ ಶಿಕ್ಷಣತಜ್ಞ ಕಳೆದ ಶತಮಾನದ ನಡುವಿನಲ್ಲಿ ಇದನ್ನು ಒಂದರ ಸುತ್ತ ಒಂದು ವೃತ್ತವಾಗಿ ಜೋಡಿಸಿ ಶಾಲೆಗಳಿಗೆ ಮುಟ್ಟಿಸಿದರು. ಅದಕ್ಕೂ ಮೊದಲು, 1934ರಲ್ಲಿ, ಲೂಸಿ ಸ್ಪ್ರೇಗ್ ಮಿಚೆಲ್ ತಮ್ಮ ‘ಯಂಗ್ ಜಿಯಾಗ್ರಫರ್ಸ್’ ಪುಸ್ತಕದಲ್ಲಿ ಮಗುವಿನ ಭೂಗೋಳ ಅದು ನಿಂತ ನೆಲದಿಂದ ಶುರುವಾಗಬೇಕೆಂದು ವಾದಿಸಿದ್ದರು. ಇದನ್ನು ಒಪ್ಪದವರೂ ಇದ್ದಾರೆ. ಮಕ್ಕಳಿಗೆ ಗೊತ್ತಿರುವ ಮನೆಯನ್ನೇ ಮತ್ತೆ ಮತ್ತೆ ತೋರಿಸಿ, ವೀರರ ಕಥೆ, ಪುರಾಣ, ಹಳೆಯ ಕಾಲ ಎಲ್ಲವನ್ನೂ ಅವರಿಂದ ದೂರ ಇಟ್ಟಿದ್ದೀರಿ ಎಂದು ಇತಿಹಾಸಕಾರ್ತಿ ಡಯೇನ್ ರ‍್ಯಾವಿಚ್ 1987ರಲ್ಲಿ ಖಾರವಾಗಿ ಬರೆದರು. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಆದರೆ ಹನ್ನಾ ಅವರ ವೃತ್ತಗಳಿಗೆ ನನಗೆ ತಿಳಿದಿರುವ ದೊಡ್ಡ ತಕರಾರು ಪುಸ್ತಕದ್ದಲ್ಲ, ಪಾವಗಡದ್ದು.

ನಮ್ಮಕ್ಕ ಮದುವೆಯಾಗಿ ಹೋದದ್ದು ಪಾವಗಡ ತಾಲ್ಲೂಕಿಗೆ. ಅಲ್ಲಿ ಅಂಗನವಾಡಿ ಟೀಚರ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಯವಾದರೂ ಶಾಲೆಯ ಲೆಕ್ಕಕ್ಕೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಭೂಪಟದಲ್ಲಿ ನೋಡಿದರೆ ಪಾವಗಡವನ್ನು ಹೆಚ್ಚುಕಡಿಮೆ ಸುತ್ತಲೂ ಆಂಧ್ರ ಬಳಸಿ ನಿಂತಿದೆ. ಅಕ್ಕನ ಕೇಂದ್ರಕ್ಕೆ ಬರುವ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಮೊದಮೊದಲು ಅವಳು ತೆಲುಗಿನಲ್ಲೇ ಕರೆದು ಕೂರಿಸಿಕೊಂಡು, ಹಾಡು ಹೇಳಿಸುತ್ತಾ, ಬಟ್ಟಲು ಲೋಟ ಎಣಿಸುತ್ತಾ ಕನ್ನಡಕ್ಕೆ ತರುತ್ತಾಳೆ. ನಿಮ್ಮ ಮನೆ ಯಾವುದು ಎಂದು ಕೇಳಿದರೆ ಮಗು ಒಂದು ಸಲ ಈ ಊರು ತೋರಿಸುತ್ತದೆ, ಇನ್ನೊಂದು ಸಲ ಮಡಕಶಿರಾ ಕಡೆಯ ಅಜ್ಜಿ ಊರು ಹೇಳುತ್ತದೆಯಂತೆ. ಮಾವನ ಮನೆಗೆ ಹೋಗಿ ಬರುವಾಗೆಲ್ಲ ಅದು ರಾಜ್ಯದ ಗಡಿ ದಾಟಿ ಬರುತ್ತದೆ. ರಾಜ್ಯ ಎಂಬ ಪಾಠ ಶಾಲೆಯಲ್ಲಿ ಬರುವುದು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಎರಡು ರಾಜ್ಯ, ಎರಡು ಭಾಷೆ ಅದರ ಮನೆಯೊಳಗೇ ಬಂದು ಕೂತಿರುತ್ತವೆ. ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ನಮ್ಮ ನದಿಗೂ ಗಡಿ ದಾಟುವ ಇದೇ ಅಭ್ಯಾಸ. ಜಯಮಂಗಲಿ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ.

ಪಾವಗಡದ ಆ ಮಕ್ಕಳನ್ನು ನೆನೆದಾಗ ನನಗೆ ಧೈರ್ಯ ಬರುತ್ತದೆ. ಮನೆಯಲ್ಲಿ ಒಂದು ಭಾಷೆ ಶಾಲೆಯಲ್ಲಿ ಇನ್ನೊಂದು, ಇಲ್ಲೊಂದು ಮನೆ ಅಲ್ಲೊಂದು ಮನೆ ಎಂಬುದು ಇಲ್ಲಿ ಅಮೆರಿಕದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮಾತ್ರ ಬಂದ ವಿಚಿತ್ರ ಕಷ್ಟವೇನಲ್ಲ. ನಮ್ಮ ನಾಡಿನ ಅಂಚಿನಲ್ಲಿ ತಲೆಮಾರುಗಳಿಂದ ಮಕ್ಕಳು ಹಾಗೆಯೇ ಬೆಳೆದು, ಎರಡನ್ನೂ ತಮ್ಮದು ಮಾಡಿಕೊಂಡಿದ್ದಾರೆ. ಕಳವಳ ಇರುವುದು ಬೇರೆ ಕಡೆ. ಪಾವಗಡದ ಮಗು ಅಜ್ಜಿ ಊರಿಗೆ ಬಸ್ಸಿನಲ್ಲಿ ಹೋಗುತ್ತದೆ. ಅಲ್ಲಿ ಜಗಳ ಆಡುತ್ತದೆ, ಕಡಲೆಕಾಯಿ ಬಿಡಿಸುತ್ತದೆ, ಕೆರೆ ಏರಿ ಮೇಲೆ ಬಿದ್ದು ಮಂಡಿ ತರಚಿಕೊಳ್ಳುತ್ತದೆ. ನಮ್ಮ ಮಕ್ಕಳಿಗೆ ಅಜ್ಜಿಯ ಮುಖ ಗೊತ್ತು, ಅಜ್ಜಿ ದಿನವಿಡೀ ಏನು ಮಾಡುತ್ತಾಳೆಂದು ಗೊತ್ತಿಲ್ಲ.

ಕಳೆದ ಸಂಕ್ರಾಂತಿಯಲ್ಲಿ ಇದು ಬಹಳ ಕಾಡಿತು. ಇಲ್ಲಿನ ನಮ್ಮ ಕನ್ನಡ ಸಂಘದ ಹಬ್ಬಕ್ಕೆ ಹೋದಾಗ ಸಭಾಂಗಣದ ಬಾಗಿಲಲ್ಲಿ ಎಲ್ಲರಿಗೂ ಎಳ್ಳು ಬೆಲ್ಲದ ಪೊಟ್ಟಣ ಸಿಕ್ಕಿತು. ಅಚ್ಚುಕಟ್ಟಾಗಿ ಕಟ್ಟಿದ್ದರು, ಕಟ್ಟಿದವರು ರಾತ್ರಿಯೆಲ್ಲ ಕೂತು ದುಡಿದಿದ್ದರು. ಆದರೂ ಮಗಳನ್ನು ಕರೆದುಕೊಂಡು ಹಿಂದಿರುಗುವಾಗ ಹಬ್ಬ ನಡೆದೇ ಇಲ್ಲ ಅನ್ನಿಸಿತು. ಊರಿನಲ್ಲಿ ಎಳ್ಳು ಬೀರುವುದೆಂದರೆ ಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಹೋಗುವುದು. ಆ ಒಂದು ಸಂಜೆಯಲ್ಲಿ ಬೀದಿಯ ಪೂರ್ತಿ ಪಾಠ ಆಗುತ್ತಿತ್ತು. ಯಾರ ಮನೆಯಲ್ಲಿ ಹೊಸ ಸೊಸೆ ಬಂದಿದ್ದಾಳೆ, ಯಾರ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ, ಯಾರನ್ನು ದೊಡ್ಡಮ್ಮ ಅನ್ನಬೇಕು, ಯಾರನ್ನು ಅತ್ತೆ ಅನ್ನಬೇಕು ಎಲ್ಲವೂ ತಿಳಿಯುತ್ತಿತ್ತು. ಇನ್ನು ಆ ಪೊಟ್ಟಣದ ಒಳಗಿದ್ದ ಕಡಲೆ ಬೀಜ. ಪಾವಗಡ, ಶಿರಾ ಕಡಲೆಕಾಯಿಯ ಸೀಮೆ. ಮಳೆಯನ್ನೇ ನಂಬಿದ ಬೆಳೆ. ಮಳೆ ಕೈಕೊಟ್ಟ ವರ್ಷ ಗಿಡ ಕಿತ್ತರೆ ಬೇರಿನಲ್ಲಿ ಬರೀ ಜೊಳ್ಳು. ಐದು ವರ್ಷದ ಮಗುವಿಗೂ ಇದನ್ನು ಹೇಳಬಹುದು. ಹೇಳಿದರೆ ಅದಕ್ಕೆ ಅರ್ಥವಾಗುತ್ತದೆ.

ಊರನ್ನು ಹೊಗಳಿ ಮುಗಿಸುವ ಆಸೆ ನನಗಿಲ್ಲ. ನಾನು ಚಿಕ್ಕವಳಿದ್ದಾಗ ಮನೆ ಕಲಿಸಿದ ಸಮಾಜ ಪಾಠದಲ್ಲಿ ಎಳ್ಳಿನ ತಟ್ಟೆ ಯಾವ ಬೀದಿಯ ತನಕ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೂ ಇತ್ತು. ಯಾವ ಕೇರಿಯವರು ನಮ್ಮ ಜಗುಲಿಯ ಕೆಳಗೆ ನಿಂತು ಮಾತಾಡುತ್ತಾರೆ, ಯಾರಿಗೆ ನೀರನ್ನು ಎತ್ತಿ ಹೊಯ್ಯುತ್ತಾರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಮಕ್ಕಳು ಕಲಿತುಬಿಡುತ್ತಿದ್ದವು. ಅದನ್ನು ಬಿಡಿಸುವ ಕೆಲಸ ಶಾಲೆಯ ಪಾಲಿಗೆ ಬಂತು. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅಪೌಷ್ಟಿಕತೆ ನೀಗಿಸುವುದು, ಲಸಿಕೆ, ಶಾಲೆಗೆ ಮೊದಲಿನ ಕಲಿಕೆ ಎಂದು ಅದರ ಉದ್ದೇಶಗಳನ್ನು ಬರೆದಿದ್ದಾರೆ. ಅಕ್ಕ ನೋಡುವುದು ಇನ್ನೊಂದನ್ನು. ಮಧ್ಯಾಹ್ನ ಮಕ್ಕಳು ಕೈ ತೊಳೆದು ಸಾಲಾಗಿ ಕೂರುತ್ತವೆ, ಪಕ್ಕದ ಮಗುವಿನ ತಟ್ಟೆಗೆ ಅನ್ನ ಬೀಳುವ ತನಕ ಕಾಯುತ್ತವೆ. “ಆ ಸಾಲಿನಲ್ಲಿ ಯಾರ ಪಕ್ಕ ಯಾರು ಕೂತ್ಕೋಬೇಕು ಅನ್ನೋದನ್ನ ನಾನೇ ದಿನಾ ಬದಲಾಯಿಸ್ತೀನಿ” ಎಂದು ಅವಳು ಹೇಳಿದಾಗ ನನ್ನಕ್ಕನ ಬಗ್ಗೆ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ತಾನು, ಮನೆ, ಶಾಲೆ ಎಂದು ಬರೆದ ಮೂರು ಹಾಳೆಗಳಲ್ಲಿ ಮೂರನೆಯದು ಎರಡನೆಯದನ್ನು ತಿದ್ದಬೇಕು. ಇಲ್ಲವಾದರೆ ಮಗುವನ್ನು ಶಾಲೆಗೆ ಕಳಿಸುವ ಅಗತ್ಯವೇ ಇಲ್ಲ.

ಅಂಗನವಾಡಿ ಮುಗಿಸಿದ ಮಕ್ಕಳು ಒಂದನೇ ತರಗತಿಯಲ್ಲಿ ನಲಿಕಲಿಗೆ ಹೋಗುತ್ತವೆ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದ ಪದ್ಧತಿ. ಗುಂಪುಗಳಲ್ಲಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ವೇಗದಲ್ಲಿ ಮಕ್ಕಳು ಮುಂದೆ ಹೋಗುತ್ತವೆ. ಪರಿಸರ ಪಾಠವೂ ಅದರಲ್ಲೇ ಸೇರಿಕೊಂಡಿದೆ. ಸಮಾಜ ವಿಜ್ಞಾನ ಎಂಬ ಬೇರೆ ಪುಸ್ತಕ ಕೈಗೆ ಬರುವುದು ಆರನೇ ತರಗತಿಗೆ. ಅಷ್ಟು ತಡವಾಗಿ ಬಂದರೆ ತಪ್ಪೇನಿಲ್ಲ ಎಂದು ನನಗೆ ಅನ್ನಿಸುತ್ತದೆ, ಕಥೆಗಳು ಮೊದಲೇ ಬಂದಿದ್ದರೆ.

ರ‍್ಯಾವಿಚ್ ಹೇಳಿದ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಮಧುಗಿರಿ ಬೆಟ್ಟದ ಮೇಲೆ ಕಳೆದುಹೋದ ಒಂದು ಕುರಿ ಮೈಯೆಲ್ಲ ನೆನೆಸಿಕೊಂಡು ಹಿಂದಿರುಗಿತಂತೆ. ಅಲ್ಲಿ ಮೇಲೆ ನೀರಿದೆ ಎಂದು ಅದರಿಂದ ಗೊತ್ತಾಗಿ, 1670ರ ಸುಮಾರಿಗೆ ರಾಜ ಹಿರೇಗೌಡ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ಒಂದೇ ಬಂಡೆಯಂತೆ ಎದ್ದು ನಿಂತಿರುವ ಆ ಏಕಶಿಲಾ ಬೆಟ್ಟ ನಮ್ಮೂರಿನ ಯಾವ ಬೀದಿಯಿಂದಲೂ ಕಾಣುತ್ತದೆ. ನಮಗೆಲ್ಲ ದಿಕ್ಕು ಕಲಿಸಿದ್ದೇ ಅದು. ಈ ಕಥೆ ಹೇಳಿದಾಗ ಮಗಳು ಕೇಳಿದ್ದು ಕೋಟೆಯನ್ನಲ್ಲ. “ಆ ಕುರಿಗೆ ಹೆಸರಿತ್ತಾ?” ಎಂದು ಕೇಳಿದಳು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನನ್ನು ಕಾಡುಗೊಲ್ಲರು ಇಂದಿಗೂ ಗಣೆ ಊದಿ ಹಾಡುತ್ತಾರೆ. ದನ ಕಾಯುವ ವೀರನ ಕಥೆ ಯಾವ ಮಗುವಿಗೆ ಬೇಡ? ಅದೇ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಮನೆಗಳು, ಮೇಲೆ ಗೂಡುಗಳು. ಊರಿನವರೇ ಅವುಗಳನ್ನು ಕಾಯುತ್ತಾರೆ. ನೆರೆಹೊರೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪುಟ ನಾನು ಕಂಡಿಲ್ಲ.

ಕಷ್ಟದ ಪಾಠಗಳೂ ಇವೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಜಮೀನನ್ನು ಕೊಳ್ಳದೆ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಪಡೆದರು. ಬರದ ನಾಡಿನಲ್ಲಿ ಜಮೀನಿದ್ದವರಿಗೆ ಅದು ಆಸರೆಯಾಯಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಕೂಲಿ ಇಲ್ಲವಾಯಿತು. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ತಾಲ್ಲೂಕು ಅದು. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುವುದು ಅಕ್ಕನ ಮನೆಯ ದಿನಚರಿ. ನೀರು ಎಲ್ಲಿಂದ ಬರುತ್ತದೆ, ಕೆಲಸ ಯಾರು ಮಾಡುತ್ತಾರೆ, ದುಡ್ಡು ಯಾರಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಯನ್ನು ಐದು ವರ್ಷದ ಮಗು ತಾನಾಗಿಯೇ ಕೇಳುತ್ತದೆ. ದೊಡ್ಡವರ ಸಮಾಜ ವಿಜ್ಞಾನದಲ್ಲಿ ಇರುವುದೂ ಬಹಳಮಟ್ಟಿಗೆ ಇವೇ.

ನಮ್ಮ ಭಾನುವಾರದ ಕನ್ನಡ ಶಾಲೆಯ ಬಗ್ಗೆ ನನಗೆ ಅಭಿಮಾನವಿದೆ. ಸಂಬಳವಿಲ್ಲದೆ, ಸ್ವಂತ ಮಕ್ಕಳ ಈಜು ತರಗತಿ ಬಿಡಿಸಿ ಬಂದು ಕಲಿಸುವ ಸ್ವಯಂಸೇವಕರಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಮಕ್ಕಳು ಅಕ್ಷರಮಾಲೆ ಒಪ್ಪಿಸುತ್ತಾರೆ, ರಾಜ್ಯೋತ್ಸವಕ್ಕೆ ವೇಷ ಹಾಕುತ್ತಾರೆ. ಇದರ ಜೊತೆಗೆ ಮನೆ ಎಂಬ ಪಾಠವನ್ನೂ ಸೇರಿಸೋಣ ಎಂಬುದು ನನ್ನ ಕೋರಿಕೆ. ಪ್ರತಿ ಮಗುವೂ ಅಜ್ಜಿಗೋ ತಾತನಿಗೋ ಫೋನ್ ಮಾಡಿ ಒಂದು ವಾರ ನೀರಿನ ಬಗ್ಗೆ ಕೇಳಲಿ, ಇನ್ನೊಂದು ವಾರ ಬೀದಿಯ ಬಗ್ಗೆ ಕೇಳಲಿ. ಚಿಕ್ಕವರಿದ್ದಾಗ ಯಾರ ಪಕ್ಕ ಕೂತು ಊಟ ಮಾಡುತ್ತಿದ್ದಿರಿ, ಯಾರ ಪಕ್ಕ ಕೂರಲು ಬಿಡುತ್ತಿರಲಿಲ್ಲ ಎಂದೂ ಕೇಳಲಿ. ಉತ್ತರ ನಮಗೆ ಮುಜುಗರ ತರಬಹುದು, ತರಲಿ. ನಮ್ಮ ಸಂಘದ ಊಟದ ಮೇಜುಗಳಲ್ಲೂ ಯಾರ ಪಕ್ಕ ಯಾರು ಕೂರುತ್ತೇವೆ ಎಂದು ನಾವು ಒಮ್ಮೆ ನೋಡಿಕೊಳ್ಳುವಂತಾಗುತ್ತದೆ.

ಮಗಳು ಕೊನೆಗೆ ಇನ್ನೊಂದು ಹಾಳೆ ತಂದು ಮನೆಯ ಹಾಳೆಯ ಪಕ್ಕಕ್ಕೆ ಟೇಪ್ ಹಚ್ಚಿದಳು. ಅದರಲ್ಲಿ ಬೆಟ್ಟ, ಅದರ ಕೆಳಗೆ ಮನೆ, ಮನೆಯ ಮುಂದೆ ಒಂಬತ್ತು ಜನ. ಅವಳು ಎರಡು ಹಾಳೆಯಲ್ಲೂ ಇದ್ದಳು. ಟೀಚರ್ ಅದನ್ನು ಹಾಗೆಯೇ ಗೋಡೆಗೆ ಹಾಕಿ, ತರಗತಿಯ ಬೇರೆ ಮಕ್ಕಳಿಗೂ ಬೇಕಾದರೆ ಹಾಳೆ ಅಂಟಿಸಿಕೊಳ್ಳಿ ಎಂದರಂತೆ. ವಿಯೆಟ್ನಾಮ್ ಮೂಲದ ಒಬ್ಬ ಹುಡುಗ ಎರಡು ಹಾಳೆ ಅಂಟಿಸಿದನಂತೆ.

ನನ್ನ ಅಂಜಿಕೆ ಅಜ್ಜಿ ತಾತಂದಿರಿಗೆ ಮಾಡುವ ಈ ಫೋನುಗಳ ಬಗ್ಗೆ. ಬೆಟ್ಟ ಬರೆಯುವುದು ಮಗಳಿಗೆ ಸುಲಭವಾಯಿತು, ಅಜ್ಜಿಯ ಮಾತು ಹಿಡಿಯುವುದು ಅಷ್ಟು ಸುಲಭವಲ್ಲ. ಅಮ್ಮ ಮಾತಾಡುವುದು ಮಧುಗಿರಿಯ ಕನ್ನಡ, ಅದೂ ಬಿರುಸಾಗಿ. ‘ಕೊಳವೆಬಾವಿ ಬತ್ತೋಗೈತೆ ಕಣವ್ವಾ’ ಎಂದು ಅವಳು ಹೇಳಿದರೆ ಮಗಳು ನನ್ನ ಮುಖ ನೋಡುತ್ತಾಳೆ. ನಾನು ನಡುವೆ ನಿಂತು ಬಿಡಿಸಿ ಹೇಳುತ್ತೇನೆ. ಹಾಗೆ ಹೇಳುವವರು ನಮ್ಮ ಮನೆಗಳಲ್ಲಿ ಇನ್ನೂ ಇರುವಾಗಲೇ ಈ ಪಾಠ ಶುರುವಾಗಬೇಕು. ಕನ್ನಡ ಶಾಲೆಯ ಮುಂದಿನ ಅವಧಿಯ ಪಠ್ಯ ಗೊತ್ತುಮಾಡುವ ಸಭೆಗೆ ನಾನು ಬರುತ್ತೇನೆ. ನಮ್ಮ ನಾಲ್ಕು ತಾಲ್ಲೂಕಿನವರು ಸಂಘದಲ್ಲಿ ಯಾರಾದರೂ ಇದ್ದರೆ ನೀವೂ ಬನ್ನಿ, ನಿಮ್ಮೂರಿನ ಒಂದೊಂದು ಕಥೆ ಜೊತೆಗಿರಲಿ.