ನಾನಿರುವಾಗಲೇ ಒಂದು ಮನೆ

ತಾಯೇ, ನನ್ನಂಥ ಹೆತ್ತವರು ನಿನ್ನ ಮುಂದೆ ನಿಂತು ಬಾಯಿಬಿಟ್ಟು ಹೇಳದ ಒಂದು ಬೇಡಿಕೆಯುಂಟು: ‘ನನಗಿಂತ ಒಂದು ದಿನ ಮೊದಲು ಇವನನ್ನು ಕರೆದುಕೋ.’ ಬುದ್ಧಿ ಬೆಳೆಯದ ಮಗನನ್ನೋ, ಆಟಿಸಂ ಇರುವ ಮಗಳನ್ನೋ ಸಾಕುತ್ತ ಅರವತ್ತು ದಾಟಿದವರಲ್ಲಿ ಎಷ್ಟೋ ಜನರ ಎದೆಯಲ್ಲಿ ಅದು ಅಡಗಿ ಕೂತಿದೆ. ಅದು ಪ್ರೀತಿ ಬತ್ತಿದವರ ಮಾತಲ್ಲ; ತಮ್ಮ ನಂತರ ತುತ್ತು ಕೊಡುವ ಕೈ ಯಾವುದೆಂದು ಕಾಣದವರ ಮಾತು. ಆ ಬೇಡಿಕೆಗೆ ನೀನು ಕಿವಿಗೊಡಬೇಡ. ಅದರ ಬದಲು ಇದನ್ನು ನಡೆಸಿಕೊಡು: ನಾನಿರುವಾಗಲೇ ನನ್ನ ಮಗನಿಗೊಂದು ಮನೆ ಕೊಡು.

ಊರಾಚೆಯ ಎತ್ತರದ ಕಾಂಪೌಂಡಿನೊಳಗೆ ಸಾಲು ಮಂಚ ಹಾಕಿದ ಹಾಲ್ ಬೇಡ. ನಾಲ್ಕೈದು ಜನರಿರುವ, ಬೆಳಿಗ್ಗೆ ಹಾಲಿನವನು ಬರುವ, ಪಕ್ಕದವರು ಹೆಸರು ಹಿಡಿದು ಮಾತಾಡಿಸುವ ಬೀದಿಯಲ್ಲೊಂದು ಮನೆ ಸಾಕು. ಅಲ್ಲಿ ಅವನ ಅಂಗಿ ಅವನ ಬೀರುವಿನಲ್ಲೇ ಇರಲಿ. ಸ್ನಾನದ ಹೊತ್ತಿಗೆ ಬಾಗಿಲು ಮುಚ್ಚುವ ಮರ್ಯಾದೆಯಿರಲಿ. ಮೂವತ್ತು ದಾಟಿದ ಗಂಡಸನ್ನು ‘ಪಾಪು’ ಎನ್ನದಿರಲಿ. ಇವತ್ತು ಉಪ್ಪಿಟ್ಟು ಬೇಡ ಎಂದು ಅವನು ತಟ್ಟೆ ಸರಿಸಿದರೆ ಅದನ್ನು ಹಟವೆನ್ನದೆ ಮಾತೆಂದು ಕೇಳಲಿ.

ನನ್ನ ಭಯಕ್ಕೆ ಕಾರಣವಿದೆ, ನೀನು ಬಲ್ಲೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರ್ವಾಡಿಯ ಆಶ್ರಯಧಾಮವೊಂದರ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಓಡಲಾರದೆ ಬೆಂದುಹೋದರು. ಸತ್ತವರು 28 ಜನ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಧಾಮದಲ್ಲಿದ್ದ ಬುದ್ಧಿ ಬೆಳೆಯದ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಿದರು. ಮುಟ್ಟಿನ ದಿನಗಳಲ್ಲಿ ಅವರನ್ನು ನೋಡಿಕೊಳ್ಳುವುದು ಕಷ್ಟವೆಂಬುದು ಆಗ ಕೊಟ್ಟ ಕಾರಣ. ಸೂರಿದ್ದ ಮಾತ್ರಕ್ಕೆ ಅದು ಮನೆಯಾಗುವುದಿಲ್ಲ. ಹೇಳದೆ ಕೇಳದೆ ಯಾವ ಹೊತ್ತಿನಲ್ಲಾದರೂ ಹೋಗಿ ನಾವು ಬಾಗಿಲು ತಟ್ಟಬಹುದಾದ ಮನೆ ಕೊಡು.

ಕಾನೂನು ಇಲ್ಲವೆಂದು ನಿನ್ನಲ್ಲಿ ದೂರಲಾರೆ. ಇಂಥವರಿಗಾಗಿಯೇ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಅದರಡಿ ತಾತ್ಕಾಲಿಕ ಆಸರೆಗೆ ‘ಸಮರ್ಥ್’, ಹದಿನೆಂಟು ದಾಟಿದವರ ಮನೆಗೆ ‘ಘರೌಂದಾ’ ಎಂಬ ಯೋಜನೆಗಳಾದವು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 5ನೇ ಸೆಕ್ಷನ್, ಎಲ್ಲರ ನಡುವೆ ಬಾಳುವುದು ಅವರ ಹಕ್ಕು ಎಂದಿತು. ಆದರೆ 2011ರ ಜನಗಣತಿಯಲ್ಲಿ ಬುದ್ಧಿಮಾಂದ್ಯರೆಂದು ಲೆಕ್ಕಕ್ಕೆ ಸಿಕ್ಕವರೇ ದೇಶದಲ್ಲಿ 15 ಲಕ್ಷ. ಅಷ್ಟು ಜನಕ್ಕೆ ಮನೆಗಳೆಲ್ಲಿ? ತಾಲ್ಲೂಕಿನ ತಾಯಿ ಯಾವ ಬಾಗಿಲಿಗೆ ಹೋಗಲಿ? ಹಣ ಮಂಜೂರು ಮಾಡುವವರ ಮನಸ್ಸಿನಲ್ಲಿ ನೀನು ಬಂದು ಕೂರು.

ಆ ಮನೆ ಅವನಿಗೆ ಒಮ್ಮೆಗೇ ಎದುರಾಗದಿರಲಿ. ಮೊದಲು ಒಂದು ರಾತ್ರಿ, ಆಮೇಲೆ ಶನಿವಾರ ಭಾನುವಾರ, ಆಮೇಲೆ ಒಂದು ವಾರ. ನನಗೆ ಕಣ್ಣಿನ ಪೊರೆ ತೆಗೆಸಬೇಕು. ಸೊಂಟವೂ ಸೋತಿದೆ. ಬಿಡುವು ಕೇಳಿದರೆ ‘ಹೆತ್ತವಳಿಗೇ ಭಾರವಾದನೇ’ ಅನ್ನುವ ನಾಲಿಗೆಗಳಿವೆ. ಅವಕ್ಕೆ ಕರುಣೆ ಕಲಿಸು. ಈ ಬಿಡುವು ನನ್ನೊಬ್ಬಳದಲ್ಲ. ಬೇರೆಯವರು ಕಲಸಿಕೊಟ್ಟ ಅನ್ನ ಉಂಡು ನಿದ್ದೆ ಹೋಗುವುದನ್ನು ಅವನೂ ಕಲಿಯಬೇಕು. ನಾನು ಸತ್ತ ಮಾರನೆಯ ದಿನ ಯಾರೋ ಅವನನ್ನು ಗುರುತಿಲ್ಲದ ಜಾಗಕ್ಕೆ ಸಾಗಿಸಿದರೆ, ಅಮ್ಮನನ್ನೂ ಮನೆಯನ್ನೂ ಅವನು ಒಟ್ಟಿಗೇ ಕಳೆದುಕೊಳ್ಳುತ್ತಾನೆ. ಅಮ್ಮ ಎಲ್ಲಿ ಎಂದು ಕೇಳಲೂ ಅವನಿಗೆ ಬಾರದು.

ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ: ಫಿಟ್ಸ್ ಮಾತ್ರೆ ರಾತ್ರಿ ಎಂಟಕ್ಕೆ, ತಪ್ಪಿಸಕೂಡದು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಗದರಬೇಡಿ. ಹೊಟ್ಟೆನೋವು ಬಂದರೆ ಹೇಳುವುದಿಲ್ಲ, ಕೈ ಕಚ್ಚಿಕೊಳ್ಳುತ್ತಾನೆ. ಇದನ್ನು ಓದಿ ನೆನಪಿಡುವವರನ್ನು ಆ ಮನೆಗೆ ಕಳಿಸು. ಅವರನ್ನು ಪುಣ್ಯದ ಹೆಸರಿನಲ್ಲಿ ಬರಿದೇ ದುಡಿಸದಿರಲಿ. ಕೈತುಂಬ ಸಂಬಳ, ವಾರದ ರಜೆ, ಸರಿಯಾದ ತರಬೇತಿ, ರಾತ್ರಿ ಪಾಳಿಯಲ್ಲಿ ಜೊತೆಗೊಬ್ಬರು, ಇಷ್ಟು ಅವರಿಗೆ ದಕ್ಕಲಿ. ದಣಿದವರಿಂದ ಎಷ್ಟು ದಿನ ತಾಳ್ಮೆ ಕೇಳುವುದು?

ಅವನ ಅಕ್ಕನಿಗೂ ಒಂದಿಷ್ಟು ಬೇಡುತ್ತೇನೆ. ಅವಳು ಕಾವಲಾಗದೆ ಅಕ್ಕನಾಗಿಯೇ ಉಳಿಯಲಿ. ಹಬ್ಬಕ್ಕೆ ತಮ್ಮನನ್ನು ಕರೆದೊಯ್ಯಲಿ, ಜಗಳವಾಡಲಿ, ಅವನ ಕಾನೂನಿನ ಕಾಗದಪತ್ರ ನೋಡಿಕೊಳ್ಳಲಿ. ಅವಳ ಸಂಸಾರ ಅವನಿಂದಾಗಿ ನಿಲ್ಲದಿರಲಿ, ಅವನ ಬದುಕು ಅವಳೊಬ್ಬಳ ಮೇಲೆಯೇ ನಿಲ್ಲದಿರಲಿ.

ಕಡೆಗೆ ನನ್ನದೊಂದು. ಆ ಮನೆಯಲ್ಲಿ ಅವನು ತನ್ನದೇ ಒಂದು ಮೂಲೆ ಮಾಡಿಕೊಳ್ಳುವ, ಗೆಳೆಯನನ್ನು ಕಂಡುಕೊಳ್ಳುವ, ನನಗಾಗಿ ಬಾಗಿಲು ನೋಡುವುದನ್ನೇ ಮರೆಯುವ ದಿನ ಬರಬಹುದು. ಬರಲೇಬೇಕು. ಆ ದಿನ ನನ್ನ ಕರುಳು ಏನೇ ಹೇಳಲಿ, ಅವನು ನಾನಿಲ್ಲದೆಯೂ ಚೆನ್ನಾಗಿದ್ದಾನೆಂದು ಸಂತೋಷಪಡುವಷ್ಟು ದೊಡ್ಡ ಮನಸ್ಸನ್ನು ನನಗೆ ಕೊಡು.