ಓದದೆ ಬಿಟ್ಟ ಕಂಡಿಕೆ

ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನೊಬ್ಬನು, ತಾನು ಬರೆಯದ, ತನಗೆ ಸಮ್ಮತವೂ ಅಲ್ಲದ ಬರಹವೊಂದನ್ನು ತುಂಬಿದ ಸಭೆಯಲ್ಲಿ ತನ್ನ ಬಾಯಿಂದಲೇ ಓದಬೇಕಾಗಿ ಬಂದರೆ ಅವನ ವ್ರತಕ್ಕೆ ಭಂಗ ಬರುವುದೇ? ಮೇಲ್ನೋಟಕ್ಕೆ ಇದು ಸ್ವಾಧ್ಯಾಯದ ಹೊತ್ತಿನಲ್ಲಿ ಹುಡುಗರು ಕೇಳುವ ಕುಚೋದ್ಯದ ಪ್ರಶ್ನೆಯಂತೆ ತೋರಬಹುದು. ಆದರೆ 2026ರ ಜನವರಿ 22ರಂದು ನಮ್ಮ ವಿಧಾನಸೌಧದಲ್ಲಿ ನಡೆದುದನ್ನು ಕಂಡವರಿಗೆ ಇದು ಕುಚೋದ್ಯವೆನಿಸಲಾರದು.

ಸಂವಿಧಾನದ 176ನೆಯ ಅನುಚ್ಛೇದದಂತೆ, ಪ್ರತಿ ಸಾರ್ವತ್ರಿಕ ಚುನಾವಣೆಯ ನಂತರದ ಮೊದಲ ಅಧಿವೇಶನದಲ್ಲಿಯೂ ಪ್ರತಿ ವರ್ಷದ ಮೊದಲ ಅಧಿವೇಶನದಲ್ಲಿಯೂ ರಾಜ್ಯಪಾಲರು ಶಾಸಕರನ್ನು ಉದ್ದೇಶಿಸಿ ಭಾಷಣ ಮಾಡಬೇಕು. ಸಂಸತ್ತಿನಲ್ಲಿ ರಾಷ್ಟ್ರಪತಿಗಳಿಗೆ 87ನೆಯ ಅನುಚ್ಛೇದವು ಇದೇ ಕರ್ತವ್ಯವನ್ನು ವಿಧಿಸಿದೆ. (ಮೊದಲು ಪ್ರತಿಯೊಂದು ಅಧಿವೇಶನಕ್ಕೂ ಭಾಷಣವಿತ್ತು, 1951ರ ಮೊದಲನೆಯ ತಿದ್ದುಪಡಿಯಿಂದ ಅದು ವರ್ಷಕ್ಕೊಮ್ಮೆಯಾಯಿತು.) ಭಾಷಣವನ್ನು ಸಿದ್ಧಪಡಿಸುವುದು ಮಂತ್ರಿಮಂಡಲ, ಓದುವುದು ರಾಜ್ಯಪಾಲರು. 'ನನ್ನ ಸರ್ಕಾರ' ಎಂದೇ ಅವರು ಓದುತ್ತಾರೆ, ಆ ಸರ್ಕಾರವು ಅವರ ಮನಸ್ಸಿಗೆ ಎಷ್ಟೇ ದೂರವಿದ್ದರೂ.

ಅಂದು ರಾಜ್ಯಪಾಲರಾದ ಶ್ರೀ ಥಾವರ್‌ಚಂದ್ ಗೆಹ್ಲೋಟ್ ಅವರು ಭಾಷಣದ ಒಂದೆರಡು ಸಾಲುಗಳನ್ನಷ್ಟೇ ಓದಿ ಸದನದಿಂದ ನಿರ್ಗಮಿಸಿದರು. ಕೇಂದ್ರ ಸರ್ಕಾರವು ಹಳೆಯ ಉದ್ಯೋಗ ಖಾತ್ರಿ ಕಾನೂನಿನ ಸ್ಥಾನದಲ್ಲಿ 2025ರ ಡಿಸೆಂಬರಿನಲ್ಲಿ ತಂದ ಹೊಸ ಕಾನೂನನ್ನು ಟೀಕಿಸುವ ಕಂಡಿಕೆಗಳಿಗೆ ಅವರ ಆಕ್ಷೇಪವಿತ್ತು. ಆಡಳಿತಪಕ್ಷದ ಕೆಲವು ಸದಸ್ಯರು ಘೋಷಣೆ ಕೂಗುತ್ತಾ ಅವರ ಹಾದಿಗೆ ಅಡ್ಡಬಂದರು. ಸಂವಿಧಾನದ ಉಲ್ಲಂಘನೆಯಾಯಿತೆಂದು ಒಂದು ಪಕ್ಷ, ರಾಜ್ಯಪಾಲರಿಗೆ ಅಪಮಾನವಾಯಿತೆಂದು ಇನ್ನೊಂದು ಪಕ್ಷ. ಅದೇ ವಾರ ತಮಿಳುನಾಡಿನ ರಾಜ್ಯಪಾಲರೂ ಭಾಷಣವನ್ನು ಓದದೆ ಹೊರನಡೆದಿದ್ದರು.

ಆ ಸಂಜೆ ಕುಂಸಿಯ ಹೋಟೆಲೊಂದರಲ್ಲಿ ದೂರದರ್ಶನದ ಮುಂದೆ ಇಬ್ಬರು ಹಿರಿಯರು ವಾದಕ್ಕಿಳಿದಿದ್ದರು. ಒಬ್ಬರು "ಸರಿಯಾಗಿಯೇ ಮಾಡಿದರು" ಎಂದರು, ಇನ್ನೊಬ್ಬರು "ಸಂಬಳ ಯಾರದು ತಿನ್ನುತ್ತಾರೆ, ಓದುವುದಕ್ಕೇನು?" ಎಂದರು. ಇಬ್ಬರೂ ಸಜ್ಜನರು, ಇಬ್ಬರೂ ನನಗೆ ಬೇಕಾದವರು. ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಕೂಲಿಕಾರನೊಬ್ಬ, ಜಾಬ್ ಕಾರ್ಡಿನ ಮೇಲೆ ಕೆರೆಯ ಹೂಳೆತ್ತಿ ಬಂದವನು, "ಅದರಲ್ಲಿ ಏನು ಬರೆದಿತ್ತು ಸ್ವಾಮಿ?" ಎಂದು ಕೇಳಿದ. ಇಬ್ಬರಿಗೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ.

ಮನೆಗೆ ಬಂದು ತಿಳಿದುಕೊಳ್ಳಲು ಯತ್ನಿಸಿದೆ. ಹಳೆಯ ಕಾನೂನು 2005ರದು. ಒಂದು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನಗಳ ಕೆಲಸವನ್ನು ಹಕ್ಕಾಗಿ ಕೊಟ್ಟಿತ್ತು. ಹೊಸ ಕಾನೂನು 125 ದಿನಗಳೆನ್ನುತ್ತದೆ. ಆದರೆ ಹೆಚ್ಚಿನ ರಾಜ್ಯಗಳು ವೆಚ್ಚದ ಶೇಕಡಾ 40ನ್ನು ತಾವೇ ಹೊರಬೇಕು. ಬಿತ್ತನೆ ಕೊಯ್ಲುಗಳ ಕಾಲದಲ್ಲಿ ಒಟ್ಟು 60 ದಿನಗಳವರೆಗೆ ಈ ಕೆಲಸವನ್ನು ನಿಲ್ಲಿಸಬಹುದು. ದಿನಗಳು ಹೆಚ್ಚಿದವೆಂಬುದು ಒಂದು ನಯದಿಂದ ನಿಜ. ರಾಜ್ಯದ ಬೊಕ್ಕಸದಲ್ಲಿ ಹಣವಿಲ್ಲದಿದ್ದರೆ ಹೆಚ್ಚಿದ ದಿನಗಳು ಕಾಗದದ ಮೇಲೆಯೇ ಉಳಿಯಬಹುದೆಂಬುದು ಇನ್ನೊಂದು ನಯದಿಂದ ನಿಜ. ಕೊಯ್ಲಿನ ಹೊತ್ತಿಗೆ ಆಳು ಸಿಗದೆ ಪರದಾಡುವ ನಮ್ಮ ಅಡಕೆ ಭತ್ತದ ಬೆಳೆಗಾರನಿಗೆ ಆ 60 ದಿನಗಳು ಅನುಕೂಲ, ಕೂಲಿಯ ದರದಲ್ಲಿ ಚೌಕಾಸಿ ಮಾಡಲು ಬೇರೆ ದಾರಿಯಿಲ್ಲದ ಆಳಿಗೆ ಅವೇ ಪ್ರತಿಕೂಲ. ಅನೇಕಾಂತವನ್ನು ಆನೆ ಮತ್ತು ಕುರುಡರ ಕಥೆಯಿಂದ ಮಾತ್ರ ಬಲ್ಲ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ನಾನು ಕೊಡಲಾರೆ. ಸದನದಲ್ಲಿ ನಡೆಯಬೇಕಾಗಿದ್ದುದು ಈ ವಿಚಾರ. ನಾವೆಲ್ಲ ನೋಡಿದುದು ಯಾರು ಎದ್ದರು, ಯಾರು ಅಡ್ಡ ನಿಂತರು ಎಂಬುದನ್ನು.

ಮೊದಲ ಪ್ರಶ್ನೆಗೆ ಮರಳುತ್ತೇನೆ. ಸಮ್ಮತವಲ್ಲದುದನ್ನು ಓದುವುದು ಅಸತ್ಯವೇ? ಅಲ್ಲವೆಂದೇ ನನ್ನ ತಿಳಿವಳಿಕೆ. ಅಕಲಂಕರಾಗಲಿ ವಿದ್ಯಾನಂದರಾಗಲಿ ಪರಮತವನ್ನು ಖಂಡಿಸುವ ಮುನ್ನ ಅದನ್ನು ಪೂರ್ವಪಕ್ಷವಾಗಿ ಮಂಡಿಸುತ್ತಾರೆ, ಎದುರಾಳಿಯೂ ಒಪ್ಪುವಷ್ಟು ನಿಷ್ಠೆಯಿಂದ. ಆ ಭಾಗವನ್ನು ಬಸದಿಯಲ್ಲಿ ಗಟ್ಟಿಯಾಗಿ ಓದುವ ಪಂಡಿತರು ಆ ಕ್ಷಣಕ್ಕೆ ಚಾರ್ವಾಕರಾದರೆಂದು ಯಾರೂ ಭಾವಿಸುವುದಿಲ್ಲ. ಮಾತು ಯಾರದೆಂಬುದು ಕೇಳುವವರಿಗೆಲ್ಲ ತಿಳಿದಿರುವಾಗ ವಂಚನೆಗೆ ಎಡೆಯಿಲ್ಲ. ರಾಜ್ಯಪಾಲರ ಭಾಷಣವು ಮಂತ್ರಿಮಂಡಲದ್ದೆಂದು ಸದನದ ಪ್ರತಿಯೊಬ್ಬ ಸದಸ್ಯನಿಗೂ ಗೊತ್ತು. ಆದುದರಿಂದ 'ಆತ್ಮಸಾಕ್ಷಿ ಒಪ್ಪಲಿಲ್ಲ' ಎಂಬ ಸಮರ್ಥನೆ ನನಗೆ ದುರ್ಬಲವಾಗಿ ಕಾಣುತ್ತದೆ.

ಆದರೆ ಒಂದು ಪ್ರಕರಣ ನನ್ನನ್ನು ತಡೆದು ನಿಲ್ಲಿಸುತ್ತದೆ. ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದ ಧರ್ಮವೀರರು 1967ರ ನವೆಂಬರಿನಲ್ಲಿ ಅಜಯ್ ಮುಖರ್ಜಿಯವರ ಸಂಯುಕ್ತರಂಗ ಮಂತ್ರಿಮಂಡಲವನ್ನು ವಜಾಗೊಳಿಸಿದ್ದರು. 1969ರ ಮಧ್ಯಂತರ ಚುನಾವಣೆಯಲ್ಲಿ ಅದೇ ರಂಗವು ಗೆದ್ದು ಬಂದು, ತನ್ನ ಮೊದಲ ಭಾಷಣದಲ್ಲಿಯೇ ಆ ವಜಾವನ್ನು ಖಂಡಿಸುವ ಕಂಡಿಕೆಗಳನ್ನು ಬರೆದು ಧರ್ಮವೀರರ ಕೈಗಿತ್ತಿತು. ತನ್ನ ಮೇಲಿನ ಆರೋಪಪತ್ರವನ್ನು ತಾನೇ ಓದಬೇಕು! ಅವರು ಎರಡು ಕಂಡಿಕೆಗಳನ್ನು ಬಿಟ್ಟು ಓದಿದರು, ಸದನದಲ್ಲಿ ಕೋಲಾಹಲವಾಯಿತು. ಅದೇ ವರ್ಷ ಅವರು ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು, 1972ರವರೆಗೆ ಇದ್ದರು.

ಇಲ್ಲಿ ಅವರ ಪರವಾಗಿ ಮನಸ್ಸು ವಾಲುತ್ತದೆ. ನಮ್ಮಲ್ಲಿ ಪ್ರತಿಕ್ರಮಣವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿಯೂ ನಾವು ಓದುವುದು ಪೂರ್ವಾಚಾರ್ಯರು ರಚಿಸಿಟ್ಟ ಪಾಠವನ್ನೇ. ಅಲ್ಲಿಯೂ ನಮ್ಮ ದೋಷಗಳನ್ನು, ಇಂದು ನಾವು ಮಾಡಿರದ ದೋಷಗಳನ್ನೂ ಸೇರಿಸಿ, ಬಾಯಾರೆ ಹೇಳುತ್ತೇವೆ. ಆದರೆ ಪ್ರತಿಕ್ರಮಣದ ಪಾಠವನ್ನು ವೈರಿಯು ನಮ್ಮ ಕೈಗೆ ಕೊಟ್ಟಿರುವುದಿಲ್ಲ. ಅದನ್ನು ಓದುವಾಗ ಎದುರಿಗೆ ನಗುವವರ ಸಾಲು ಕುಳಿತಿರುವುದಿಲ್ಲ. ಬಲವಂತದ ಆಲೋಚನೆಯಿಂದ ನಿರ್ಜರೆಯಾಗುವುದೆಂದು ಯಾವ ಆಚಾರ್ಯರೂ ಹೇಳಿಲ್ಲ. ಹಾಗೆಂದು ಧರ್ಮವೀರರು ಮಾಡಿದ್ದು ಸರಿಯೆಂದು ತೀರ್ಪು ಕೊಡಲು ನನಗೆ ಧೈರ್ಯ ಸಾಲದು. ಅವರ ಕೈಗೆ ಆ ಹಾಳೆಯನ್ನು ಕೊಟ್ಟವರ ಕಡೆಗೂ ನೋಡಬೇಕು ಎಂಬಷ್ಟೇ ನನ್ನ ಮಾತು.

ನಮ್ಮ ಧರ್ಮವು ಕರ್ಮವನ್ನು ಎಣಿಸುವಾಗ ಮಾಡಿದವನೊಬ್ಬನನ್ನೇ ಹಿಡಿಯುವುದಿಲ್ಲ. ಕೃತ, ಕಾರಿತ, ಅನುಮೋದಿತವೆಂದು ಮೂರು ಬಾಗಿಲುಗಳನ್ನೂ ಕಾಯುತ್ತದೆ. ಓದದೆ ಬಿಟ್ಟವನದು ಕೃತ. ಓದಲಾರನೆಂದು ತಿಳಿದೂ, ಓದದಿರಲಿ ಎಂಬ ಒಳಗಿನ ಆಸೆಯಿಂದಲೇ ಚುಚ್ಚುಮಾತನ್ನು ಬರೆದು ಕೊಡುವವನದು ಕಾರಿತ. ಅದು ಮಾಯಾಕಷಾಯದ ಕೆಲಸ. ಯಾವ ಸರ್ಕಾರ ಯಾವಾಗ ಹಾಗೆ ಬರೆಯಿತೆಂದು ಹೊರಗಿನವರು ನಿರ್ಣಯಿಸುವುದು ಕಷ್ಟ, ಬರೆದವರ ಅಂತರಂಗಕ್ಕೆ ಮಾತ್ರ ಅದು ಗೊತ್ತು. ಹೋಟೆಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ ನಮ್ಮದು ಅನುಮೋದಿತ. ನಾವು ಬರಿಯ ಪ್ರೇಕ್ಷಕರೆಂದುಕೊಂಡಿದ್ದೇವೆ. ಈ ಗಣಿತದಲ್ಲಿ ಪ್ರೇಕ್ಷಕನಿಗೆ ವಿನಾಯಿತಿಯಿಲ್ಲ.

ಅನುಮೋದನೆಯು ಕೃತ್ಯಕ್ಕೆ ಸಂದದ್ದೋ ಪಕ್ಷಕ್ಕೆ ಸಂದದ್ದೋ ಎಂದು ತಿಳಿಯಲು ಒಂದು ಉಪಾಯವುಂಟು, ಹೆಸರುಗಳನ್ನು ಅದಲುಬದಲು ಮಾಡಿ ನೋಡುವುದು. ಅಮೆರಿಕದಲ್ಲಿ ಈ ಪ್ರಯೋಗವು ತಾನಾಗಿಯೇ ನಡೆದುಹೋಗಿದೆ. 2009ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಒಬಾಮ ಅವರು ಶಾಸಕರನ್ನು ಉದ್ದೇಶಿಸಿ ಮಾತನಾಡುತ್ತಿದ್ದಾಗ ರಿಪಬ್ಲಿಕನ್ ಪಕ್ಷದ ಜೋ ವಿಲ್ಸನ್ ಎಂಬ ಸದಸ್ಯರು, ಅಧ್ಯಕ್ಷರು ಸುಳ್ಳು ಹೇಳುತ್ತಿದ್ದಾರೆಂದು ಕೂಗಿದರು. ವಾರದೊಳಗೆ ಸದನವು ಅವರಿಗೆ ಛೀಮಾರಿ ಹಾಕಿತು; ಅವರ ಸ್ವಪಕ್ಷದವರಲ್ಲಿ ಅದಕ್ಕೆ ಮತ ಕೊಟ್ಟವರು 7 ಜನ. 2025ರ ಮಾರ್ಚ್ 4ರಂದು ಅಧ್ಯಕ್ಷ ಟ್ರಂಪ್ ಅವರ ಭಾಷಣದ ನಡುವೆ ಡೆಮಾಕ್ರಟಿಕ್ ಪಕ್ಷದ ವಯೋವೃದ್ಧ ಸದಸ್ಯ ಆಲ್ ಗ್ರೀನ್ ಎದ್ದು ನಿಂತು ಊರುಗೋಲೆತ್ತಿ ಕೂಗಿದರು. ಅವರನ್ನು ಹೊರಗೆ ಕಳುಹಿಸಲಾಯಿತು. ಎರಡು ದಿನಗಳ ನಂತರ ಅವರ ಮೇಲೆಯೂ ಖಂಡನಾ ನಿರ್ಣಯ; ಸ್ವಪಕ್ಷದವರಲ್ಲಿ ಅದನ್ನು ಬೆಂಬಲಿಸಿದವರು 10 ಜನ. ಉಳಿದ ನೂರಾರು ಮಂದಿಗೆ ಹೆಚ್ಚುಕಡಿಮೆ ಅದೇ ಕೃತ್ಯವು ಒಮ್ಮೆ ಅಪರಾಧ, ಇನ್ನೊಮ್ಮೆ ಧೈರ್ಯ. ಆ 7 ಮತ್ತು 10 ಜನರೆಲ್ಲರೂ ಧರ್ಮಾತ್ಮರೆಂದು ಹೇಳಲಾರೆ, ಅವರಲ್ಲಿಯೂ ಮುಂದಿನ ಚುನಾವಣೆಯ ಲೆಕ್ಕ ಹಾಕಿದವರಿರಬಹುದು. ಆದರೂ ನನ್ನ ಕಣ್ಣು ಅವರ ಮೇಲೆಯೇ ನಿಲ್ಲುತ್ತದೆ.

ನಮ್ಮ ದೇಶದಲ್ಲಿ ಒಬ್ಬರೇ ವ್ಯಕ್ತಿಯಲ್ಲಿ ಎರಡೂ ಬಗೆಯನ್ನು ಕಂಡಿದ್ದೇವೆ. 2020ರ ಜನವರಿ 29ರಂದು ಕೇರಳದ ರಾಜ್ಯಪಾಲರಾಗಿದ್ದ ಆರಿಫ್ ಮೊಹಮ್ಮದ್ ಖಾನ್ ಅವರು ಭಾಷಣದ 18ನೆಯ ಕಂಡಿಕೆಗೆ ಬಂದಾಗ ತಡೆದು, ಪೌರತ್ವ ತಿದ್ದುಪಡಿ ಕಾನೂನನ್ನು ವಿರೋಧಿಸುವ ಈ ಭಾಗವು ತಮಗೆ ಸಮ್ಮತವಲ್ಲವೆಂದೂ, ಮುಖ್ಯಮಂತ್ರಿಗಳ ಇಚ್ಛೆಯನ್ನು ಗೌರವಿಸಿ ಓದುತ್ತಿರುವೆನೆಂದೂ ಹೇಳಿ, ಅದನ್ನು ಪೂರ್ತಿಯಾಗಿ ಓದಿದರು. ಸ್ಯಾದ್ವಾದವನ್ನು ಇದಕ್ಕಿಂತ ಚೆನ್ನಾಗಿ ಆಚರಿಸಿ ತೋರಿಸುವುದು ಕಷ್ಟ. ಪರರ ಮಾತು ಪೂರ್ತಿಯಾಗಿ ಕೇಳಿಸಿತು, ತನ್ನ ಮಾತೂ ಕೇಳಿಸಿತು. ನಾಲ್ಕು ವರ್ಷಗಳ ನಂತರ, 2024ರ ಜನವರಿ 25ರಂದು, ಅವರೇ ಅದೇ ಸದನದಲ್ಲಿ ಕೊನೆಯ ಕಂಡಿಕೆಯನ್ನು ಮಾತ್ರ ಓದಿ ಎರಡು ನಿಮಿಷದೊಳಗೆ ಹೊರಟುಹೋದರು. ಮನುಷ್ಯನು ಒಮ್ಮೆ ಏರಿದ ಮೆಟ್ಟಿಲಿನ ಮೇಲೆಯೇ ನಿಂತಿರುತ್ತಾನೆಂದು ನಂಬುವಂತಿಲ್ಲ. ಗುಣಸ್ಥಾನಗಳ ವಿಷಯದಲ್ಲಿ ನಮ್ಮ ಶಾಸ್ತ್ರವೂ ಅದನ್ನೇ ಹೇಳುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತವನ್ನು ಬಲಪಡಿಸುವ ಭಾವನೆಗಳನ್ನು ಎಣಿಸುವಾಗ ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗವನ್ನೂ, ವಿಚಾರಪೂರ್ವಕವಾದ ಮಾತನ್ನೂ ಸೇರಿಸಿದ್ದಾರೆ. ಚಿಕ್ಕಂದಿನಲ್ಲಿ ಕಂಠಪಾಠ ಮಾಡುವಾಗ ಸತ್ಯಕ್ಕೂ ಹಾಸ್ಯಕ್ಕೂ ಏನು ವೈರವೆಂದು ನನಗೆ ತಿಳಿಯುತ್ತಿರಲಿಲ್ಲ. ಈಗ, ಸದನದ ಗದ್ದಲದ ತುಣುಕುಗಳನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳುಹಿಸಿ ನಗುವ ನಮ್ಮ ಮನೆಗಳನ್ನು ನೋಡಿ ತಿಳಿಯುತ್ತಿದೆ. ನಕ್ಕವನು ಮತ್ತೆ ವಿಚಾರಿಸುವುದಿಲ್ಲ. ಇನ್ನು ಭಯದ ಮಾತು. ಶಾಸಕರು ಕೋಪದಿಂದ ಕೂಗುತ್ತಾರೆಂದು ನಾವು ತಿಳಿದಿದ್ದೇವೆ. ಕೂಗದಿದ್ದರೆ ಪಕ್ಷದ ಹಿರಿಯರು ಏನೆಂದುಕೊಂಡಾರೋ ಎಂಬ ಅಂಜಿಕೆಯಿಂದ ಕೂಗುವವರೇ ಹೆಚ್ಚೆಂದು ನನ್ನ ಅನುಮಾನ.

ಈ ಅನುಮಾನಕ್ಕೆ ಆಧಾರವು ವಿಧಾನಸೌಧದ ಅನುಭವವಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಬಸದಿಯ ಟ್ರಸ್ಟಿಗೆ ನಾನು ಕಾರ್ಯದರ್ಶಿಯಾಗಿದ್ದೆ. ವಾರ್ಷಿಕ ಮಹಾಸಭೆಯಲ್ಲಿ ಕಾರ್ಯಕಾರಿ ಸಮಿತಿಯು ಸಿದ್ಧಪಡಿಸಿದ ವರದಿಯನ್ನು ಓದುವುದು ಕಾರ್ಯದರ್ಶಿಯ ಕೆಲಸ. ಸಮಿತಿಯಲ್ಲಿ ಆಗ ಎರಡು ಗುಂಪುಗಳಿದ್ದವು. ಬಹುಮತವು ಇನ್ನೊಂದು ಗುಂಪಿನದು. ವರದಿಯ ಐದನೆಯ ಕಂಡಿಕೆಯು, ಮಹಾವೀರ ಜಯಂತಿಯ ಮೆರವಣಿಗೆಗೆ ಸಮಿತಿಯನ್ನು ಕೇಳದೆ ಕಾರ್ಯದರ್ಶಿಯವರು ಹೆಚ್ಚು ಖರ್ಚು ಮಾಡಿದರೆಂದು ಆರಂಭವಾಗುತ್ತಿತ್ತು. ಮಾತು ನಿಜವೇ ಆಗಿತ್ತು. ಆದರೆ ಬರೆದವರ ಮುಖ ಕಣ್ಣ ಮುಂದೆ ಬಂದು, ಮೊದಲ ಸಾಲಿನಲ್ಲಿಯೇ ನನಗೆ ರಕ್ತ ಕುದಿಯಿತು. ಹಾಳೆ ಮಗುಚಿ ಆರನೆಯದಕ್ಕೆ ಹೋದೆ. ಪ್ರತಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದ ಆ ಗುಂಪಿನವರು ಎದ್ದು ಕೂಗಿದರು. ನಮ್ಮವರು ಅವರಿಗಿಂತ ಜೋರಾಗಿ ಕೂಗಿ, ನನ್ನ ಪರವಾಗಿ ಚಪ್ಪಾಳೆ ತಟ್ಟಿದರು. ಸಭೆ ಅಲ್ಲಿಗೇ ಮುರಿಯಿತು. ಅಂದು ನಾನು ಗೆದ್ದೆನೆಂದೇ ತಿಳಿದಿದ್ದೆ.

ಊಟದ ಪಂಕ್ತಿ ಎದ್ದ ಮೇಲೆ, ಎರಡೂ ಗುಂಪಿಗೆ ಸೇರದ ವೃದ್ಧ ಶ್ರಾವಕರೊಬ್ಬರು ನನ್ನನ್ನು ಮಾನಸ್ತಂಭದ ಬಳಿಗೆ ಕರೆದು, "ಕಂಡಿಕೆಯನ್ನು ಕೊನೆಯವರೆಗೆ ಓದಿಕೊಂಡಿದ್ದೆಯೇನಪ್ಪ?" ಎಂದು ಕೇಳಿದರು. ಓದಿರಲಿಲ್ಲ. ಅಲ್ಲಿಯೇ ನಿಂತು ಓದಿದೆ. ಮೆರವಣಿಗೆಯ ಖರ್ಚಿನಿಂದಾಗಿ ಪುರೋಹಿತರಿಗೆ ಒಪ್ಪಿಕೊಂಡಿದ್ದ ಸಂಬಳದ ಹೆಚ್ಚಳವನ್ನು ಕೊಡಲಾಗಿಲ್ಲವೆಂದೂ, ಅದಕ್ಕೆ ಮಹಾಸಭೆಯೇ ದಾರಿ ತೋರಿಸಬೇಕೆಂದೂ ಕೊನೆಯ ಎರಡು ಸಾಲುಗಳಲ್ಲಿ ಇತ್ತು. ಸಭೆ ನಡೆಯುವಾಗ ಪುರೋಹಿತರು ಬಾಗಿಲ ಬಳಿ ನಿಂತಿದ್ದುದು ಆಗ ನೆನಪಾಯಿತು.

ಮರುವರ್ಷದ ಮಹಾಸಭೆಯಲ್ಲಿ ಐದನೆಯ ಕಂಡಿಕೆಯನ್ನು ನಾನೇ ಕೇಳಿಕೊಂಡು ಓದಿದೆ. ಯಾರೂ ಕೂಗಲಿಲ್ಲ. ಆ ವೇಳೆಗೆ ಪುರೋಹಿತರು ಸಂಸಾರಸಮೇತ ಬೇರೊಂದು ಊರಿನ ಬಸದಿಗೆ ಹೊರಟುಹೋಗಿದ್ದರು.